ಇಂಕ್ ಪೆನ್ ಕೊಳ್ಳೋಕೆ ಮೊದಲು ಕಾಗದ ಹುಡುಕಿ: ಪೇಟೆ ಅಂಗಡಿಗಳಲ್ಲಿ ಏನು ಕೇಳಬೇಕು, ಹೇಗೆ ನೋಡಬೇಕು



ಇವತ್ತಿನ ವಿಷಯ ಇಂಕ್ ಪೆನ್ನು ಮತ್ತು ಅದಕ್ಕೆ ಒಪ್ಪೋ ಕಾಗದ. ಕೆಲವು ತಿಂಗಳಿಂದ ನಿಮ್ಮ ಮೆಸೇಜ್‌ಗಳಲ್ಲಿ ಒಂದೇ ಥರದ ಪ್ರಶ್ನೆ ತಿರುಗಿ ತಿರುಗಿ ಬರ್ತಾ ಇದೆ. ಇಂಕ್ ಪೆನ್ ತಗೊಂಡೆ, ಬರೆದರೆ ಅಕ್ಷರ ಎಲ್ಲಾ ಹರಡ್ಕೊಂಡು ಬೇರು ಬಿಟ್ಟ ಹಾಗೆ ಕಾಣತ್ತೆ, ಹಾಳೆ ತಿರುಗಿಸಿದರೆ ಹಿಂದೆ ಚುಕ್ಕೆ ಚುಕ್ಕೆ, ಪೆನ್ ಕೆಟ್ಟಿದೆಯಾ, ಒಳ್ಳೆ ಪೆನ್ ಎಲ್ಲಿ ಸಿಗತ್ತೆ ಅಂತ. ಕೇಳಿದವರಲ್ಲಿ ಕೆಎಎಸ್‌ಗೆ ಓದ್ತಿರೋರಿದ್ದಾರೆ, ದಿನಚರಿ ಬರೆಯೋರಿದ್ದಾರೆ, ಮೊದಲ ಸಂಬಳದಲ್ಲಿ ಅಪ್ಪನಿಗೆ ಒಂದು ಪೆನ್ ಕೊಡಿಸಬೇಕು ಅಂತಿರೋರಿದ್ದಾರೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಹತ್ತರಲ್ಲಿ ಎಂಟು ಸಲ ಪೆನ್ ಸರಿಯಾಗೇ ಇರತ್ತೆ, ತೊಂದರೆ ಇರೋದು ಕಾಗದದಲ್ಲಿ. ಮೂರು ಸಾವಿರದ ಪೆನ್ನನ್ನು ಕೆಟ್ಟ ಹಾಳೆ ಹಾಳು ಮಾಡತ್ತೆ. ಇನ್ನೂರು ರೂಪಾಯಿ ಪೆನ್ನು ಒಳ್ಳೆ ಹಾಳೆ ಮೇಲೆ ಮುತ್ತಿನಂಥ ಅಕ್ಷರ ಕೊಡತ್ತೆ. ಹಾಗಾಗಿ ಹುಡುಕಾಟ ಕಾಗದದಿಂದ ಶುರುವಾಗಬೇಕು. ಎಲ್ಲಿ, ಹೇಗೆ ಅನ್ನೋದೇ ಇವತ್ತಿನ ಸಂಚಿಕೆ.

ಮಸಿ ಯಾಕೆ ಹರಡತ್ತೆ?

ಬಾಲ್ ಪೆನ್‌ನಲ್ಲಿರೋ ಇಂಕು ಎಣ್ಣೆ ಥರದ್ದು, ಮಂದ. ತುದಿಯಲ್ಲಿರೋ ಪುಟ್ಟ ಗುಂಡು ಉರುಳ್ತಾ ಅದನ್ನ ಕಾಗದಕ್ಕೆ ಮೆತ್ತತ್ತೆ. ಒತ್ತಿ ಬರೀಬೇಕಾಗಿರೋದು ಅದಕ್ಕೇ. ಇಂಕ್ ಪೆನ್‌ನ ಮಸಿಯಲ್ಲಿ ಬಹುಪಾಲು ನೀರು, ಅದರಲ್ಲಿ ಕರಗಿದ ಬಣ್ಣ. ನಿಬ್ಬಿನ ಮಧ್ಯದ ಸೀಳಿನಲ್ಲಿ, ನಿಬ್ಬಿನ ಕೆಳಗಿರೋ ಫೀಡ್‌ನ ಸಣ್ಣ ಕಾಲುವೆಗಳಲ್ಲಿ ಅದು ತಾನಾಗೇ ಇಳಿದು ಬರತ್ತೆ. ಒಳಗೆ ಗಾಳಿ ಹೋದಷ್ಟೇ ಹೊರಗೆ ಮಸಿ ಬರಬೇಕು. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ ಹೆಸರು ಮಾಡಿದ್ದೇ ಈ ಕೆಲಸವನ್ನ ನೆಚ್ಚಬಹುದಾದ ಹಾಗೆ ಮಾಡಿದ್ದಕ್ಕೆ.

ಈಗ ಕಾಗದದ ಕಡೆ ಬನ್ನಿ. ಕಾಗದ ಅಂದ್ರೆ ನಾರು ನಾರು ಸೇರಿ ಆದ ಹಾಳೆ. ನಾರಿನ ನಡುವೆ ಸಂದುಗಳಿರತ್ವೆ. ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ ಆ ಸಂದುಗಳು ನೀರನ್ನ ಎಳೀತವೆ. ತಡೆಯೋದು ಹೇಗೆ? ನಮ್ಮ ಮನೆಗಳಲ್ಲಿ ಹತ್ತಿ ಸೀರೆಗೆ, ಬಿಳಿ ಪಂಚೆಗೆ ಗಂಜಿ ಹಾಕ್ತಾರಲ್ಲ, ಕಾಗದಕ್ಕೂ ಹಾಗೇ ಹಾಕ್ತಾರೆ. ಕಾರ್ಖಾನೆಯವರು ಅದಕ್ಕೆ ಸೈಜಿಂಗ್ ಅಂತಾರೆ. ನಾರು ಇನ್ನೂ ನೀರಲ್ಲಿ ಕಲಸಿರೋವಾಗಲೇ ನೀರು ತಡೆಯೋ ಪದಾರ್ಥ ಸೇರಿಸೋದು ಒಂದು ಹಂತ. ಹಾಳೆ ಆದಮೇಲೆ ಮೇಲ್ಮೈಗೆ ಪಿಷ್ಟದ ಲೇಪ, ಅಂದ್ರೆ ನಿಜವಾಗ್ಲೂ ಗಂಜಿಯೇ, ಕೊಡೋದು ಎರಡನೇ ಹಂತ. ಗಂಜಿ ಚೆನ್ನಾಗಿ ಬಿದ್ದ ಹಾಳೆ ಮೇಲೆ ಮಸಿ ಒಂದು ಕ್ಷಣ ನಿಂತು, ನಿಧಾನವಾಗಿ ಒಣಗತ್ತೆ. ಗಂಜಿ ಕಮ್ಮಿಯಾದ ಹಾಳೆ ಮುಟ್ಟಿದ ಕೂಡಲೇ ಕುಡಿದುಬಿಡತ್ತೆ.

ನ್ಯೂಸ್‌ಪೇಪರ್ ಅಂಚಲ್ಲಿ ಇಂಕ್ ಪೆನ್ನಿಂದ ಒಂದು ಗೆರೆ ಎಳೆದು ನೋಡಿ, ನಾನು ಹೇಳ್ತಿರೋದು ಕಣ್ಣಿಗೇ ಕಾಣತ್ತೆ. ಪ್ರೆಸ್‌ನ ಇಂಕು ಎಣ್ಣೆ ಜಾತಿದು, ಅದಕ್ಕೆ ಇಷ್ಟೊಂದು ಗಂಜಿ ಬೇಕಿಲ್ಲ. ಇವತ್ತಿನ ಅಗ್ಗದ ನೋಟ್‌ಬುಕ್‌ಗಳ ಕಥೆಯೂ ಹತ್ತಿರ ಹತ್ತಿರ ಅದೇ. ಕ್ಲಾಸಲ್ಲಿ ಎಲ್ಲರೂ ಬಾಲ್ ಪೆನ್ ಹಿಡಿದಿರೋವಾಗ ಗಂಜಿಗೆ ಜಾಸ್ತಿ ಖರ್ಚು ಮಾಡೋದಕ್ಕೆ ಕಾರಣವೇ ಇಲ್ಲ.

ಜಿಎಸ್‌ಎಂ ಲೆಕ್ಕ

ಅಂಗಡಿಗೆ ಹೋದ ತಕ್ಷಣ ನಾವು ಕೇಳೋ ಪದ ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗತ್ತೆ ಅನ್ನೋದು ಅದರ ಅರ್ಥ, ಅಷ್ಟೇ. ಎ4 ಹಾಳೆ ಒಂದು ಚದರ ಮೀಟರ್‌ನ 16ನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂ ಎ4 ಹಾಳೆ 5 ಗ್ರಾಂ, 500 ಹಾಳೆಯ ಒಂದು ರೀಮ್ ಎರಡೂವರೆ ಕೆ.ಜಿ. 70 ಜಿಎಸ್‌ಎಂ ಆದರೆ ಸುಮಾರು 2 ಕೆ.ಜಿ. 190 ಗ್ರಾಂ. ಬಿಡಿ ರೀಮ್ ಕೊಳ್ಳೋವಾಗ ಅನುಮಾನ ಬಂದ್ರೆ ತೂಕಕ್ಕೆ ಹಾಕಿಸಿ ನೋಡಬಹುದು, ಲೆಕ್ಕ ಸುಳ್ಳು ಹೇಳಲ್ಲ.

ಆದರೆ ತೂಕ ಹೇಳೋದು ಗಂಜಿ ವಿಷಯ ಅಲ್ಲ. ಇಂಕ್ ಪೆನ್ ಪ್ರಿಯರು ತುಂಬಾ ಮೆಚ್ಚೋ ಜಪಾನಿನ ಟೊಮೊಯೆ ರಿವರ್ ಕಾಗದ ಬರೀ 52 ಜಿಎಸ್‌ಎಂ. ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರ ಮೇಲೆ ಮಸಿ ಹರಡಲ್ಲ, ಹಿಂದಕ್ಕೆ ಹಾಯೋದು ಬಹಳ ಕಮ್ಮಿ. ಇನ್ನೊಂದು ಕಡೆ 100 ಜಿಎಸ್‌ಎಂ ಡೈರಿಯಲ್ಲೂ ಅಕ್ಷರ ಕೂದಲು ಬಿಡಬಹುದು. ದಪ್ಪ ಹಾಳೆಯಲ್ಲಿ ಹಿಂದಿನ ಬದಿಗೆ ನೆರಳು ಕಮ್ಮಿ ಕಾಣತ್ತೆ, ಅಷ್ಟರ ಮಟ್ಟಿಗೆ ಜಿಎಸ್‌ಎಂ ಉಪಯೋಗ. ಅದಕ್ಕಿಂತ ಜಾಸ್ತಿ ಅದನ್ನ ನಂಬಬೇಡಿ.

ಒಳ್ಳೆ ಕಾಗದ ಎಲ್ಲಿರತ್ತೆ?

ನನ್ನ ಸೂತ್ರ ಇದು: ಕೈಬರಹ ಇನ್ನೂ ಕಸುಬಾಗಿರೋ ಜಾಗದ ಸುತ್ತ ಹುಡುಕಿ. ಗಿಫ್ಟ್ ಅಂಗಡಿಯ ಚಂದದ ರಟ್ಟಿನ ನೋಟ್‌ಬುಕ್ ಆಮೇಲೆ ನೋಡೋಣ.

ನಾನು ಬಿಕಾಂ ಓದಿದ್ದರಿಂದ ಲೆಡ್ಜರ್ ಅನ್ನೋ ಪದ ನನಗೆ ಲೆಕ್ಕದ್ದು. ಪೇಪರ್ ಅಂಗಡಿಯಲ್ಲಿ ಅದು ಕಾಗದದ ಹೆಸರು. ಕಿರ್ದಿ, ಖಾತೆ ಪುಸ್ತಕಗಳನ್ನ ಹಿಂದೆ ಮಸಿಯಲ್ಲೇ ಬರೀತಿದ್ರು, ಎರಡೂ ಬದಿ ಬರೀತಿದ್ರು, ವರ್ಷಗಟ್ಟಲೆ ಇಡ್ತಿದ್ರು. ಹಿಂಬದಿಗೆ ಮಸಿ ಹಾಯ್ದರೆ ಆ ಬದಿಯ ಅಂಕಿ ಓದೋಕಾಗಲ್ಲ, ಲೆಕ್ಕವೇ ತಪ್ಪತ್ತೆ. ಹಾಗಾಗಿ ಲೆಡ್ಜರ್ ಪೇಪರ್ ಅಂದ್ರೆ ಗಟ್ಟಿ, ಚೆನ್ನಾಗಿ ಗಂಜಿ ಬಿದ್ದ ಕಾಗದ. ತಿಳಿ ನೀಲಿ ಛಾಯೆ ಇರೋ ಅಜೂರ್‌ಲೇಡ್ ಅನ್ನೋದೂ ಇದೇ ಕೆಲಸಕ್ಕೆ ಬಂದ ಕಾಗದ. ಆಫೀಸ್ ಪತ್ರಗಳಿಗೆ ಬಳಸೋ ಬಾಂಡ್ ಪೇಪರ್ ಇನ್ನೊಂದು ಜಾತಿ. ಅಂಗಡಿಯಲ್ಲಿ ಇಂಕ್ ಪೆನ್‌ಗೆ ಒಳ್ಳೆ ಪೇಪರ್ ಕೊಡಿ ಅಂದ್ರೆ ಮುಖ ನೋಡ್ತಾರೆ. ಲೆಡ್ಜರ್ ಪೇಪರ್ ಇದೆಯಾ, ಬಾಂಡ್ ಪೇಪರ್ ಯಾವುದಿದೆ ಅಂತ ಕೇಳಿ, ತಕ್ಷಣ ಕಪಾಟು ತೆಗೀತಾರೆ.

ಬೆಂಗಳೂರಿನವರಿಗೆ ಇದಕ್ಕೆ ಜಾಗ ಪೇಟೆ. ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ನಡ್ಕೊಂಡೇ ಹೋಗಬಹುದು. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಸಿಟಿ ಮಾರ್ಕೆಟ್ ಕಡೆ ಇಳಿಯೋ ಅವೆನ್ಯೂ ರಸ್ತೆಯನ್ನ ನಾವು ಹಳೇ ಪುಸ್ತಕಕ್ಕೆ, ಗೈಡ್‌ಗಳಿಗೆ ಅಂತ ನೆನಪಿಟ್ಕೊಂಡಿರ್ತೀವಿ. ಅದೇ ರಸ್ತೆಯಲ್ಲಿ ಲೆಕ್ಕದ ಪುಸ್ತಕ, ರಿಜಿಸ್ಟರ್, ಸ್ಟೇಷನರಿ ಅಂಗಡಿಗಳಿವೆ. ಪಕ್ಕದ ಸುಲ್ತಾನ್‌ಪೇಟೆ ಕಡೆ ಪೇಪರ್ ವ್ಯಾಪಾರ, ಮದುವೆ ಕಾರ್ಡು. ಹೋಲ್‌ಸೇಲ್ ಅಂಗಡಿಗಳು ಭಾನುವಾರ ಬಹುಪಾಲು ಬಾಗಿಲು ಹಾಕಿರತ್ವೆ, ಸೋಮವಾರ ಬೆಳಗ್ಗೆ ಜನ ಜಾಸ್ತಿ. ವಾರದ ನಡುವೆ ಬೆಳಗ್ಗೆ 11ರ ಸುಮಾರಿಗೆ ಹೋದರೆ ಮಾತಾಡೋಕೆ ಅವರಿಗೂ ಸಮಯ ಇರತ್ತೆ.

ಬೇರೆ ಊರಿನವರಿಗೂ ಇದೇ ಸೂತ್ರ. ನಿಮ್ಮೂರಿನ ಸಬ್ ರಿಜಿಸ್ಟ್ರಾರ್ ಆಫೀಸ್ ಎದುರು ಪತ್ರ ಬರಹಗಾರರು ಕೂತಿರ್ತಾರಲ್ಲ, ಅವರು ಹಾಳೆ ಎಲ್ಲಿಂದ ತರ್ತಾರೆ ಅಂತ ಕೇಳಿ. ಕೋರ್ಟ್ ರಸ್ತೆ, ಹಳೇ ಪೇಟೆ ಬೀದಿ, ಎಪಿಎಂಸಿ ಹತ್ತಿರ ಮಂಡಿ ವರ್ತಕರು ರಿಜಿಸ್ಟರ್ ಕೊಳ್ಳೋ ಅಂಗಡಿ, ಹಳೇ ಪ್ರಿಂಟಿಂಗ್ ಪ್ರೆಸ್, ಈ ನಾಲ್ಕರಲ್ಲಿ ಒಂದು ಕಡೆ ದಾರಿ ಸಿಕ್ಕೇ ಸಿಗತ್ತೆ. ಮ್ಯಾಪ್‌ನಲ್ಲಿ ಫೌಂಟನ್ ಪೆನ್ ಶಾಪ್ ಅಂತ ಹುಡುಕಿದರೆ ಈ ಅಂಗಡಿಗಳು ಕಾಣಲ್ಲ, ಅವರ ಬೋರ್ಡ್ ಮೇಲೆ ಆ ಪದವೇ ಇಲ್ಲ. ಪೇಪರ್ ಮರ್ಚೆಂಟ್ಸ್, ಅಕೌಂಟ್ ಬುಕ್ಸ್, ಬೈಂಡಿಂಗ್ ವರ್ಕ್ಸ್ ಅಂತ ಹುಡುಕಿ.

ಕಾಗದ ನಮ್ಮ ರಾಜ್ಯಕ್ಕೆ ದೂರದ ವಸ್ತುವೇನಲ್ಲ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಶುರುವಾಗಿದ್ದು 1936ರಲ್ಲಿ. 2015ರಲ್ಲಿ ಉತ್ಪಾದನೆ ನಿಂತುಹೋಯ್ತು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆ ಆಗಿದ್ದು 1955ರಲ್ಲಿ, ಬರೆಯೋ ಮತ್ತು ಮುದ್ರಿಸೋ ಕಾಗದ ಅಲ್ಲಿಂದ ಈಗಲೂ ಬರ್ತಿದೆ. ಹೋಲ್‌ಸೇಲ್ ಅಂಗಡಿಯಲ್ಲಿ ಹಾಳೆ ತೋರಿಸಿದಾಗ ಯಾವ ಮಿಲ್‌ದು ಅಂತ ಕೇಳಿ, ಉತ್ತರ ಬರೆದಿಟ್ಕೊಳ್ಳಿ. ನೋಟ್‌ಬುಕ್ ಬ್ರ್ಯಾಂಡ್‌ನ ಹೆಸರು ಒಂದೇ ಇದ್ರೂ ಒಳಗಿನ ಕಾಗದ ಬೇರೆ ಬೇರೆ ಲಾಟ್‌ನಲ್ಲಿ ಬೇರೆ ಬೇರೆ ಇರಬಹುದು. ಜೂನ್‌ನಲ್ಲಿ ಕೊಂಡ ಪುಸ್ತಕ ಚೆನ್ನಾಗಿತ್ತು ಅಂತ ಡಿಸೆಂಬರ್‌ನಲ್ಲಿ ಡಜನ್ ಕೊಳ್ಳೋ ಮೊದಲು ಇನ್ನೊಮ್ಮೆ ಬರೆದು ನೋಡಿ.

ಅಂಗಡಿಯಲ್ಲೇ ಎರಡು ನಿಮಿಷದ ಪರೀಕ್ಷೆ

ಮಸಿ ತುಂಬಿದ ನಿಮ್ಮ ಪೆನ್ನನ್ನ ಜೇಬಲ್ಲಿ ಇಟ್ಕೊಂಡೇ ಹೋಗಿ. ಅಣ್ಣಾ, ಒಂದು ಹಾಳೆ ಕೊಡಿ, ದುಡ್ಡು ಕೊಡ್ತೀನಿ, ಬರೆದು ನೋಡ್ತೀನಿ ಅಂತ ಕೇಳಿ. ಪುಸ್ತಕ ಆದ್ರೆ ಕೇಳದೆ ಅದರ ಮೇಲೆ ಬರೀಬೇಡಿ, ಅದು ಅವರ ಮಾಲು.

ಮೊದಲು ಮಾಮೂಲಿ ವೇಗದಲ್ಲಿ ನಿಮ್ಮ ಹೆಸರು ಬರೀರಿ. ಒತ್ತಕ್ಷರ ಇರೋ ಪದ ಇರಲಿ, ಸಂಸ್ಕೃತಿ, ವಾತ್ಸಲ್ಯ, ಅಂಥದ್ದು. ಕನ್ನಡದಲ್ಲಿ ಸುತ್ತು ಜಾಸ್ತಿ, ಒತ್ತುಗಳು ಚಿಕ್ಕವು. ಮಸಿ ಹರಡೋ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರ ಹೇಗೋ ಓದೋಕಾದ್ರೂ ನಮ್ಮ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗತ್ತೆ. ಎರಡನೇದು, ಒಂದು ಜಾಗದಲ್ಲಿ ನಿಬ್ ಇಟ್ಟು ಮೂರು ಎಣಿಸಿ ಎತ್ತಿ. ಚುಕ್ಕೆ ದುಂಡಗೆ ನಿಂತರೆ ಹಾಳೆ ಒಳ್ಳೇದು, ಸುತ್ತ ಕೂದಲು ಬಿಟ್ಟರೆ ಬೇಡ. ಮೂರನೇದು, ಅಡ್ಡ ಗೆರೆ ನಾಲ್ಕು, ಅದರ ಮೇಲೆ ಉದ್ದ ಗೆರೆ ನಾಲ್ಕು ಎಳೀರಿ. ಗೆರೆಗಳು ಕೂಡೋ ಕಡೆ ಮಸಿ ಜಾಸ್ತಿ ಬೀಳತ್ತೆ, ಹಾಯೋದಿದ್ರೆ ಅಲ್ಲೇ ಹಾಯತ್ತೆ. ಆಮೇಲೆ ಹಾಳೆ ತಿರುಗಿಸಿ. ನೆರಳು ಮಾತ್ರ ಕಂಡರೆ ಪರವಾಗಿಲ್ಲ. ಮಸಿಯೇ ಚುಕ್ಕೆಯಾಗಿ ಬಂದಿದ್ರೆ ಆ ಹಾಳೆಯಲ್ಲಿ ಒಂದೇ ಬದಿ ಬರೀಬೇಕು, ಅಂದ್ರೆ ನಿಮ್ಮ ಪಾಲಿಗೆ ಬೆಲೆ ಎರಡು ಪಟ್ಟು ಆಯ್ತು ಅಂತ ಲೆಕ್ಕ.

ಕೊನೆಗೆ ಹಾಳೆಯ ಇನ್ನೊಂದು ಬದಿಯಲ್ಲೂ ಬರೀರಿ. ಕಾಗದದ ಎರಡು ಬದಿ ಕೆಲವೊಮ್ಮೆ ಒಂದೇ ಥರ ಇರಲ್ಲ, ಒಂದು ನುಣುಪು, ಒಂದು ಒರಟು. ಒಣಗೋಕೆ ಎಷ್ಟು ಹೊತ್ತು ಅಂತ ಬೆರಳಿಂದ ಒರೆಸಿ ನೋಡಿ. ಚೆನ್ನಾಗಿ ಗಂಜಿ ಬಿದ್ದ ಹಾಳೆಯಲ್ಲಿ ಮಸಿ ನಿಧಾನ ಒಣಗತ್ತೆ. ಎಡಗೈಯಲ್ಲಿ ಬರೆಯೋರಿಗೆ ಇದು ದೊಡ್ಡ ವಿಷಯ.

ಹಾಳೆ ಸಿಕ್ಕಿತು ಅಂದ್ರೆ ಪುಸ್ತಕ ಮಾಡಿಸೋದು ಸುಲಭ. ಒಂದು ರೀಮ್ ಕೊಂಡು ಬೈಂಡಿಂಗ್ ಅಂಗಡಿಗೆ ಕೊಡಿ. ಸ್ಪೈರಲ್ ಅಗ್ಗ. ದಾರದಲ್ಲಿ ಹೊಲಿದು ರಟ್ಟು ಹಾಕಿಸಿದ್ರೆ ಪುಸ್ತಕ ಚಪ್ಪಟೆಯಾಗಿ ಬಿಚ್ಚಿಕೊಳ್ಳತ್ತೆ, ಬರೆಯೋಕೆ ಹಿತ. ಹೊಲಿಗೆ ಬೇಕು ಅಂದ್ರೆ ದೊಡ್ಡ ಸೈಜ್ ಹಾಳೆ ತಗೊಂಡು ಮಡಚಿಸಬೇಕು, ಇದನ್ನ ಬೈಂಡರ್ ಹತ್ತಿರ ಮೊದಲೇ ಮಾತಾಡಿ. ಇದೆಲ್ಲಾ ಬೇಡ ಅನ್ನೋರಿಗೆ ರೆಡಿ ರಿಜಿಸ್ಟರ್ ಇದೆ. ಅದನ್ನ ಕ್ವೈರ್ ಲೆಕ್ಕದಲ್ಲಿ ಮಾರ್ತಾರೆ. ಒಂದು ಕ್ವೈರ್ ಅಂದ್ರೆ 24 ದೊಡ್ಡ ಹಾಳೆ, ಮಡಚಿದರೆ 96 ಪುಟ. ಎರಡು ಕ್ವೈರ್ ಪುಸ್ತಕ 192 ಪುಟ.

ಈಗ ಪೆನ್ ಅಂಗಡಿ

ಪೆನ್ ಸಿಗೋ ಅಂಗಡಿ ಮೂರು ಥರ.

ಮೊದಲನೇದು ನಮ್ಮ ಬೀದಿಯ ಸ್ಟೇಷನರಿ. ಕ್ಯಾಮ್ಲಿನ್ ಇಂಕ್ ಪೆನ್, ಕ್ಯಾಮೆಲ್ ಮಸಿ ಬಾಟಲ್ ಇಲ್ಲೇ ಸಿಗತ್ತೆ. 1931ರಲ್ಲಿ ಮುಂಬೈಯಲ್ಲಿ ಮಸಿ ಮಾಡೋಕೆ ಶುರು ಮಾಡಿದ ಕಂಪನಿ ಅದು, 2011ರಿಂದ ಜಪಾನಿನ ಕೊಕುಯೊ ಜೊತೆ ಇದೆ. ಕಲಿಯೋಕೆ ಇಲ್ಲಿಂದ ಶುರು ಮಾಡಿ ಅನ್ನೋದು ನನ್ನ ಸಲಹೆ. ನೀಲಿ ಮಸಿ ನೂರು ರೂಪಾಯಿಯೊಳಗೆ ಬರತ್ತೆ, ತಿಂಗಳುಗಟ್ಟಲೆ ಸಾಕಾಗತ್ತೆ.

ಎರಡನೇದು ಬ್ರ್ಯಾಂಡ್ ಪೆನ್ನುಗಳ ಷೋರೂಮ್. 2002ರಲ್ಲಿ ಬೆಂಗಳೂರಿನಲ್ಲೇ ಶುರುವಾದ ವಿಲಿಯಂ ಪೆನ್ 2022ರಲ್ಲಿ ಶೇಫರ್ ಅನ್ನೋ ಹಳೇ ಅಮೆರಿಕನ್ ಪೆನ್ ಬ್ರ್ಯಾಂಡನ್ನೇ ಕೊಂಡುಕೊಂಡಿತು. ಲ್ಯಾಮಿ, ಪೈಲಟ್ ಥರದ ಪೆನ್ನನ್ನ ಕೈಯಲ್ಲಿ ಹಿಡಿದು ನೋಡೋಕೆ ಇಂಥ ಕಡೆ ಹೋಗಬೇಕು. ಕೇಳಬೇಕಾದ್ದು ಒಂದೇ, ಮಸಿಯಲ್ಲಿ ಅದ್ದಿ ಬರೆದು ನೋಡಬಹುದಾ ಅಂತ. ಎಫ್, ಎಂ ಅಂತ ನಿಬ್ ಮೇಲೆ ಬರೆದಿರತ್ತೆ, ಸಣ್ಣ, ಮಧ್ಯಮ ಅಂತ. ಆದರೆ ಜಪಾನಿನ ಎಫ್ ಸಾಮಾನ್ಯವಾಗಿ ಯೂರೋಪಿನ ಎಫ್‌ಗಿಂತ ಸಣ್ಣ. ಚಿಕ್ಕದಾಗಿ ಬರೆಯೋರು, ಕಾಗದ ಅಷ್ಟಕ್ಕಷ್ಟೇ ಇರೋರು ಸಣ್ಣ ನಿಬ್ ತಗೊಳ್ಳಿ. ಮಸಿ ಕಮ್ಮಿ ಬೀಳತ್ತೆ, ಹರಡೋದೂ ಕಮ್ಮಿ.

ಮೂರನೇದು ಪೆನ್ ಮಾಡೋರದ್ದೇ ಅಂಗಡಿ, ಇಲ್ಲವೇ ತಲೆಮಾರಿನಿಂದ ಬರೀ ಪೆನ್ ಮಾರೋ ಅಂಗಡಿ. ಇದಕ್ಕೆ ಸ್ವಲ್ಪ ರೈಲು ಹತ್ತಬೇಕು. ಆಂಧ್ರದ ರಾಜಮಹೇಂದ್ರವರದಲ್ಲಿ ರತ್ನಂ ಪೆನ್ಸ್ ಇದೆ, 1932ರಿಂದ. ಸ್ವದೇಶಿ ಪೆನ್ ಅಂತ ಇವರು ಕಳಿಸಿದ ಪೆನ್ನಿಗೆ ಗಾಂಧೀಜಿ 1935ರಲ್ಲಿ ಪತ್ರ ಬರೆದು ಮೆಚ್ಚಿದ್ರು. ಚೆನ್ನೈನ ಪ್ಯಾರಿಸ್ ಕಾರ್ನರ್‌ನಲ್ಲಿ ಗಾಮಾ ಪೆನ್ನುಗಳ ಜೆಮ್ ಅಂಡ್ ಕೋ, ಹೈದರಾಬಾದಿನ ಆಬಿಡ್ಸ್‌ನಲ್ಲಿ ಡೆಕ್ಕನ್ ಪೆನ್ ಸ್ಟೋರ್ಸ್. ನಮ್ಮ ದೇಶದ ಇಂಥ ಕುಶಲಕರ್ಮಿಗಳ ಪೆನ್ನುಗಳಲ್ಲಿ ಎಬೊನೈಟ್‌ದು ಜಾಸ್ತಿ. ಎಬೊನೈಟ್ ಅಂದ್ರೆ ಗಟ್ಟಿ ಮಾಡಿದ ರಬ್ಬರ್, ಅದರ ಕೋಲನ್ನ ಲೇತ್‌ನಲ್ಲಿ ಕಡೆದು ಪೆನ್ ಮಾಡ್ತಾರೆ. ಎಷ್ಟೋ ಪೆನ್ನುಗಳಿಗೆ ಡ್ರಾಪರ್‌ನಿಂದ ಮಸಿ ತುಂಬಿಸ್ತೀವಿ, ಇಡೀ ಹೊಟ್ಟೆ ತುಂಬಾ ಮಸಿ. ಅದು ಖಾಲಿಯಾಗ್ತಾ ಬಂದಾಗ ಕೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದು ಹನಿ ತೊಟ್ಟಿಕ್ಕಬಹುದು. ಕಾಲು ಭಾಗ ಇರುವಾಗಲೇ ಮತ್ತೆ ತುಂಬಿಸಿ.

ಯಾವ ಅಂಗಡಿಯಾದ್ರೂ ನಿಬ್ಬನ್ನ ಬೆಳಕಿಗೆ ಹಿಡಿದು ನೋಡಿ. ಎರಡು ಹಲ್ಲು ಸಮ ಇರಬೇಕು, ಒಂದು ಮೇಲೆ ಒಂದು ಕೆಳಗೆ ಇದ್ದರೆ ಹಾಳೆ ಕೆರೆಯತ್ತೆ. ಅನುಭವ ಇರೋ ಅಂಗಡಿಯವರು ಅದನ್ನ ಉಗುರಲ್ಲೇ ಒತ್ತಿ ಸರಿ ಮಾಡಿಕೊಡ್ತಾರೆ. ಆ ಅರ್ಧ ನಿಮಿಷದ ಕೆಲಸ ಕೊರಿಯರ್ ಡಬ್ಬದಲ್ಲಿ ಬರಲ್ಲ.

ಮಸಿ ಬಗ್ಗೆ ಎರಡು ಎಚ್ಚರಿಕೆ. ಇಂಡಿಯನ್ ಇಂಕ್, ಡ್ರಾಯಿಂಗ್ ಇಂಕ್ ಅಂತ ಸಿಗೋದರಲ್ಲಿ ಅರಗಿನಂಥ ಅಂಟು ಇರತ್ತೆ, ಪೆನ್‌ಗೆ ಹಾಕಿದ್ರೆ ಒಣಗಿ ಕಾಲುವೆ ಮುಚ್ಚತ್ತೆ. ಸ್ಟ್ಯಾಂಪ್ ಪ್ಯಾಡ್ ಇಂಕೂ ಬೇಡ. ಬಾಟಲ್ ಮೇಲೆ ಫೌಂಟನ್ ಪೆನ್ ಇಂಕ್ ಅಂತಲೇ ಇರಬೇಕು.

ಪರೀಕ್ಷೆ ಬರೆಯೋರಿಗೊಂದು ಮಾತು. ಉತ್ತರ ಪತ್ರಿಕೆಯ ಕಾಗದ ನೀವು ಆರಿಸೋದಲ್ಲ. ಯಾವ ಪೆನ್ ಬಳಸಬಹುದು ಅಂತ ಪ್ರವೇಶ ಪತ್ರದ ಸೂಚನೆ ಓದಿ. ಓಎಂಆರ್ ಇದ್ದರೆ ಬಾಲ್ ಪೆನ್ನೇ. ವಿವರಣಾತ್ಮಕ ಪತ್ರಿಕೆಗೆ ಇಂಕ್ ಪೆನ್ ಒಯ್ದರೂ ಸಣ್ಣ ನಿಬ್ ಇರಲಿ, ಜೊತೆಗೆ ಒಂದು ಬಾಲ್ ಪೆನ್ ಇರಲಿ. ಮನೆಯಲ್ಲಿ ದಿನಕ್ಕೆ ಮೂರು ಗಂಟೆ ಬರೆದು ಅಭ್ಯಾಸ ಮಾಡೋವಾಗ ಮಾತ್ರ ಇಂಕ್ ಪೆನ್ನಿನ ಲಾಭ ದೊಡ್ಡದು. ಒತ್ತೋದು ಬೇಕಿಲ್ಲ, ಬೆರಳು ನೋಯಲ್ಲ.

ಅಂಗಡಿಯವರು ಯಾಕೆ ಇಟ್ಟಿರಲ್ಲ?

ನಮ್ಮೂರಲ್ಲಿ ಏನೂ ಸಿಗಲ್ಲ ಅಂತ ನಾವು ಸುಲಭವಾಗಿ ಹೇಳ್ತೀವಿ. ಒಂದು ಸಲ ಕೌಂಟರ್‌ನ ಆ ಕಡೆ ನಿಂತು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಹಾಕ್ತಿರೋ ಅಂಕಿ.

ಒಬ್ಬ ಅಂಗಡಿಯವರು 12 ಬಣ್ಣದ ಮಸಿ, ಒಂದೊಂದರಲ್ಲಿ 5 ಬಾಟಲ್ ತರಿಸ್ತಾರೆ ಅನ್ಕೊಳ್ಳಿ. 60 ಬಾಟಲ್, ತಲಾ 80 ರೂಪಾಯಿ, ಒಟ್ಟು 4,800 ರೂಪಾಯಿ ಬಂಡವಾಳ. ತಿಂಗಳಿಗೆ 3 ಬಾಟಲ್ ಹೋಗತ್ತೆ. ಪೂರ್ತಿ ಖಾಲಿಯಾಗೋಕೆ 20 ತಿಂಗಳು. ನೂರಕ್ಕೆ 20 ಲಾಭ ಅಂತ ಹಿಡಿದರೂ ಒಟ್ಟು 960 ರೂಪಾಯಿ, ತಿಂಗಳಿಗೆ 48 ರೂಪಾಯಿ. ಅದೇ 4,800ಕ್ಕೆ ಬಾಲ್ ಪೆನ್ ತಂದು, ನೂರಕ್ಕೆ ಬರೀ 10 ಲಾಭ ಇಟ್ಟು, ಪ್ರತಿ ತಿಂಗಳು ಖಾಲಿ ಮಾಡಿ ಮತ್ತೆ ತಂದರೆ ತಿಂಗಳಿಗೆ 480 ರೂಪಾಯಿ. ಹತ್ತು ಪಟ್ಟು. ಅರ್ಧ ಲಾಭಕ್ಕೆ ಮಾರಿದ್ರೂ ಹತ್ತು ಪಟ್ಟು! ಕಾಮರ್ಸ್ ಓದಿದೋರಿಗೆ ಇದು ಗೊತ್ತಿರೋದೇ, ದಾಸ್ತಾನು ಎಷ್ಟು ಬೇಗ ತಿರುಗತ್ತೆ ಅನ್ನೋದರ ಮೇಲೆ ಅಂಗಡಿ ನಿಂತಿರತ್ತೆ. ಕಪಾಟಿನಲ್ಲಿ ಹಸಿರು ಮಸಿ ಇಟ್ಟಿರೋ ಅಂಗಡಿಯವರು ನಿಜ ಹೇಳಬೇಕಂದ್ರೆ ಪ್ರೀತಿಗೆ ಇಟ್ಟಿದ್ದಾರೆ.

ಲೆಕ್ಕದ ಪುಸ್ತಕದ ಕಥೆಯೂ ಇಷ್ಟೇ. ದೀಪಾವಳಿಗೆ, ಏಪ್ರಿಲ್‌ಗೆ ಹೊಸ ಪುಸ್ತಕ ಕೊಳ್ತಿದ್ದ ವರ್ತಕರು ಕಂಪ್ಯೂಟರ್‌ಗೆ ಹೋದರು. ಪೂಜೆಗೆ ಒಂದು ಪುಸ್ತಕ ಕೊಳ್ಳೋದು ಉಳ್ಕೊಂಡಿದೆ. ಲೆಡ್ಜರ್ ಪೇಪರ್ ಇಡೋ ಅಂಗಡಿ ಕಮ್ಮಿಯಾದ್ರೆ ನಮಗೆ ನಷ್ಟ. ಯಾಕಂದ್ರೆ ಕಾಗದವನ್ನ ಫೋಟೋ ನೋಡಿ ಕೊಳ್ಳೋಕಾಗಲ್ಲ. ಗಂಜಿ ಫೋಟೋದಲ್ಲಿ ಕಾಣಲ್ಲ.

ಹಾಗಾದ್ರೆ ನಾವೇನು ಮಾಡಬೇಕು? ಅಂಗಡಿಯಲ್ಲಿ ನಾಲ್ಕು ಪೆನ್ ಹಿಡಿದು, ಬರೆದು, ನಿಬ್ ಸರಿ ಮಾಡಿಸ್ಕೊಂಡು, ಹೊರಗೆ ಬಂದು ಫೋನಲ್ಲಿ ಆರ್ಡರ್ ಹಾಕೋ ಅಭ್ಯಾಸ ಬಿಡಬೇಕು. ಅಂಗಡಿಯಲ್ಲಿ 1,500, ಆನ್‌ಲೈನ್‌ನಲ್ಲಿ 1,350 ಅಂದ್ರೆ ಆ 150 ರೂಪಾಯಿ ಬರೆದು ನೋಡಿದ್ದಕ್ಕೆ ಕೊಟ್ಟ ಶುಲ್ಕ. ಅದು ಜಾಸ್ತಿ ಅನ್ನಿಸಿದ್ರೆ ಸ್ವಲ್ಪ ಬಿಡ್ತೀರಾ ಅಂತ ಮುಖಕ್ಕೆ ಕೇಳಿ, ಚೌಕಾಸಿ ಪೇಟೆಯಲ್ಲಿ ತಪ್ಪಲ್ಲ. ಪುಕ್ಕಟೆ ಬರೆದು ಎದ್ದು ಹೋಗೋರು ಜಾಸ್ತಿಯಾದ ದಿನ ಅಂಗಡಿಯವರು ಮಸಿ ಬಾಟಲ್ ಮುಚ್ಚಳ ತೆಗೆಯೋದನ್ನೇ ನಿಲ್ಲಿಸ್ತಾರೆ. ಆಮೇಲೆ ನಾವೆಲ್ಲಾ ಫೋಟೋ ನೋಡೇ ಕೊಳ್ಳಬೇಕು.

ಎರಡನೇದು, ಇಲ್ಲ ಅಂದ್ರೆ ಹಾಗೇ ವಾಪಸ್ ಬರಬೇಡಿ. ತರಿಸಿಕೊಡ್ತೀರಾ, ಎಷ್ಟು ತಗೊಂಡ್ರೆ ತರಿಸ್ತೀರಾ ಅಂತ ಕೇಳಿ, ನಂಬರ್ ಕೊಟ್ಟು ಬನ್ನಿ. ಒಂದು ಕಾಲೇಜಿನ ಐದು ಜನ ಸೇರಿ ಹನ್ನೆರಡು ಬಾಟಲ್ ಬೇಕು ಅಂದ್ರೆ 20 ತಿಂಗಳ ಲೆಕ್ಕ ಪೂರ್ತಿ ಬದಲಾಗತ್ತೆ. ಅವರಿಗೆ ದುಡ್ಡು ಕಟ್ಟಿಹಾಕೋ ಭಯ ಇಲ್ಲ, ನಿಮಗೆ ಕೊರಿಯರ್‌ನಲ್ಲಿ ಬಾಟಲ್ ಒಡೆಯೋ ಭಯ ಇಲ್ಲ.

ನಿಂತುಹೋದದ್ದು ಮತ್ತೆ ಶುರುವಾಗಲ್ಲ ಅಂತೇನಿಲ್ಲ. ಸ್ವದೇಶಿ ಚಳವಳಿಯ ಕಾಲದಲ್ಲಿ, 1934ರಲ್ಲಿ ಬಂಗಾಳದಲ್ಲಿ ಹುಟ್ಟಿದ ಸುಲೇಖಾ ಮಸಿ 1980ರ ದಶಕದ ಕೊನೆಗೆ ನಿಂತುಹೋಗಿತ್ತು. 2020ರಲ್ಲಿ ಇಂಕ್ ಪೆನ್ನಿನ ಮಸಿಯನ್ನ ಮತ್ತೆ ಮಾರುಕಟ್ಟೆಗೆ ತಂದರು. ಕೊಳ್ಳೋರಿದ್ದರು, ಅದಕ್ಕೇ ಬಂತು.

ಮೊದಲ ಬಾರಿ ಹೋಗೋರಿಗೆ ನನ್ನ ಪಟ್ಟಿ ಚಿಕ್ಕದು. ಮಸಿ ತುಂಬಿದ ಒಂದು ಅಗ್ಗದ ಪೆನ್ ಜೇಬಲ್ಲಿ. ಲೆಡ್ಜರ್, ಬಾಂಡ್, ಮಾಮೂಲಿ ಜೆರಾಕ್ಸ್ ಪೇಪರ್, ಮೂರರಿಂದ ಹತ್ತತ್ತು ಹಾಳೆ ಬಿಡಿಯಾಗಿ ಕೊಳ್ಳಿ. ಪ್ರತಿ ಹಾಳೆಯ ಮೂಲೆಯಲ್ಲಿ ಅಂಗಡಿ, ಮಿಲ್, ಬೆಲೆ ಬರೆದಿಡಿ. ಒಂದು ವಾರ ಬರೀರಿ. ಗೆದ್ದ ಕಾಗದದ ರೀಮ್ ಕೊಂಡು ಹೊಲಿಸಿ. ದೊಡ್ಡ ಪೆನ್ನಿನ ಆಸೆ ಅದಾದಮೇಲೆ. ಆಗ ಷೋರೂಮ್‌ಗೆ ಹೋಗುವಾಗ ನಿಮ್ಮದೇ ಹಾಳೆ ಒಯ್ಯಿರಿ, ಅಲ್ಲಿ ಕೊಡೋ ನುಣುಪು ಕಾರ್ಡ್ ಮೇಲೆ ಎಲ್ಲಾ ಪೆನ್ನೂ ಚೆನ್ನಾಗೇ ಬರೆಯತ್ತೆ.

ನಿಮ್ಮೂರಲ್ಲಿ ಬಿಡಿ ಹಾಳೆ ಕೊಡೋ, ಬರೆದು ನೋಡೋಕೆ ಬಿಡೋ ಅಂಗಡಿ ಇದ್ರೆ ಅದರ ಹೆಸರು, ಬೀದಿ, ರಜೆ ದಿನ ನನಗೆ ಮೆಸೇಜ್ ಮಾಡಿ. ಅಂಗಡಿಯವರನ್ನ ಒಂದು ಮಾತು ಕೇಳಿ ಕಳಿಸಿ. ಜಿಲ್ಲಾವಾರು ಸೇರಿಸಿ ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ರಾಯಚೂರು, ಚಾಮರಾಜನಗರ, ಕಾರವಾರದವರು ದಯವಿಟ್ಟು ಮೊದಲು ಬರೀರಿ, ನಿಮ್ಮ ಕಡೆಯಿಂದ ಪ್ರಶ್ನೆ ಜಾಸ್ತಿ ಬಂದಿದೆ.